ಬೆಳಕಿನ ಋಣ

ಸಂಜೆ ದೀಪ ಹಚ್ಚಿದೊಡನೆ ಅದಕ್ಕೆ ಕೈಮುಗಿಯುವ ಪದ್ಧತಿ ನಮ್ಮ ಅನೇಕ ಮನೆಗಳಲ್ಲಿ ಇನ್ನೂ ಉಳಿದಿದೆ. ಎಣ್ಣೆಯ ದೀಪ ಹೋಗಿ ವಿದ್ಯುದ್ದೀಪ ಬಂದ ಮೇಲೂ, ಸ್ವಿಚ್ಚು ಒತ್ತಿದ ಕೈಯನ್ನೇ ಇನ್ನೊಂದು ಕೈಗೆ ಜೋಡಿಸಿ ಕ್ಷಣಕಾಲ ಕಣ್ಣು ಮುಚ್ಚುವ ಹಿರಿಯರನ್ನು ನಾವೆಲ್ಲರೂ ಕಂಡಿದ್ದೇವೆ. ಎಳೆಯರಿಗೆ ಇದು ತಮಾಷೆಯಾಗಿ ತೋರಬಹುದು. ಆದರೆ ಆ ನಮಸ್ಕಾರದಲ್ಲಿ ಒಂದು ತಿಳಿವಳಿಕೆ ಅಡಗಿದೆ. ಬೆಳಕು ತಾನಾಗಿ ಬಂದುದಲ್ಲ, ಯಾರೋ ಕೊಟ್ಟದ್ದು ಎಂಬುದೇ ಆ ತಿಳಿವಳಿಕೆ. ಎಣ್ಣೆಯ ಕಾಲದಲ್ಲಿ ಆ ಕೊಟ್ಟವರು ಯಾರೆಂಬುದು ಗೊತ್ತಿದ್ದಿತು. ಹರಳು ಬೆಳೆದ ರೈತ, ಗಾಣ ತಿರುಗಿಸಿದ ಗಾಣಿಗ, ಹಣತೆ ತಟ್ಟಿದ ಕುಂಬಾರ, ಎಲ್ಲರೂ ಊರಿನವರೇ; ಹಬ್ಬದ ದಿನ ಎದುರಿಗೆ ಸಿಕ್ಕುವವರೇ. ಇಂದು ಬೆಳಕನ್ನು ಕೊಡುವವರು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳುವುದು ತಿಂಗಳಿಗೊಮ್ಮೆ ಮೀಟರು ಓದುವವನು ಹರಿದುಕೊಡುವ ಚೀಟಿ ಮಾತ್ರ. ಆ ಚೀಟಿಯಲ್ಲಿರುವ ಮೊತ್ತವನ್ನು ಕಟ್ಟಿಬಿಟ್ಟರೆ ನಮ್ಮ ಋಣ ಹರಿಯಿತೆ? ಈಚೆಗೆ ಅನೇಕರ ಚೀಟಿಯಲ್ಲಿ ಸೊನ್ನೆಯೇ ಅಚ್ಚಾಗಿ ಬರುತ್ತಿದೆ. ಹಾಗಾದರೆ ಋಣವೇ ಇಲ್ಲವೆಂದು ತಿಳಿಯಬಹುದೆ?

ನಾನು ಪಾಠ ಹೇಳುವುದು ಕನ್ನಡ. ವಿದ್ಯುಚ್ಛಕ್ತಿಯ ಶಾಸ್ತ್ರ ನನ್ನದಲ್ಲ. ಆದರೆ ಋಣ, ಹಂಗು, ನ್ಯಾಯ ಮುಂತಾದ ಮಾತುಗಳು ನಮ್ಮ ನುಡಿಯಲ್ಲಿ ಬೆಳೆದು ಬಂದವು. ಅವುಗಳ ಅರ್ಥ ಈ ಕಾಲದ ವ್ಯವಹಾರಕ್ಕೆ ಎಷ್ಟು ಹೊಂದುತ್ತದೆ ಎಂದು ಕೇಳಿಕೊಳ್ಳುವ ಹಕ್ಕು ಭಾಷೆಯನ್ನು ಕಲಿಸುವವನಿಗೂ ಉಂಟು.

ಬೆಂಗಳೂರಿನಿಂದ ಚಿತ್ರದುರ್ಗದ ಕಡೆಗೆ ಹೆದ್ದಾರಿಯಲ್ಲಿ ಹೋಗುವವರು ಹಿರಿಯೂರು ದಾಟಿದ ಮೇಲೆ ಬೆಟ್ಟಗಳ ನೆತ್ತಿಯಲ್ಲಿ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ನೋಡಿಯೇ ಇರುತ್ತಾರೆ. ಊರಿನ ಜನ ಅವನ್ನು ‘ಫ್ಯಾನು’ ಎಂದೇ ಕರೆಯುತ್ತಾರೆ. ಆ ಸೀಮೆಗೆ ಮಳೆ ಕಡಿಮೆ, ಗಾಳಿ ಹೆಚ್ಚು. ಬರಗಾಲದ ಜಿಲ್ಲೆಯೆಂದು ಹೆಸರಾದ ದುರ್ಗ ಈಗ ಗಾಳಿಯಿಂದ ವಿದ್ಯುತ್ತನ್ನು ತೆಗೆಯುವ ಜಿಲ್ಲೆಯೆಂದೂ ಹೆಸರಾಗಿದೆ. ಇದೇ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನಲ್ಲಿ ಹೊರಕೆರೆದೇವಪುರವೆಂಬ ಊರಿದೆ. ಲಕ್ಷ್ಮೀನರಸಿಂಹಸ್ವಾಮಿಯ ದೇವಾಲಯದಿಂದ ಹೆಸರಾದದ್ದು. ಬಸ್ಸಿನ ಹಲಗೆಯ ಮೇಲೆ ಹೆಚ್.ಡಿ. ಪುರವೆಂದು ಚಿಕ್ಕದಾಗಿದೆ. ಆ ಕಡೆಯ ರೈತರೊಬ್ಬರು, ಕೊಳವೆಬಾವಿಯ ನೀರನ್ನು ನಂಬಿ ಅಡಿಕೆ ತೋಟ ಮಾಡಿದವರು, ಕೆಲವು ವರ್ಷಗಳ ಹಿಂದೆ ನನ್ನನ್ನು ಹೀಗೆ ಕೇಳಿದರು: “ಮೇಷ್ಟ್ರೇ, ಗುಡ್ಡ ನಮ್ಮ ಸೀಮೇದು, ಗಾಳಿ ನಮ್ಮ ಸೀಮೇದು, ಕರೆಂಟು ಮಾತ್ರ ಬೆಂಗಳೂರಿಂದು. ಬೆಂಗಳೂರಿನೋರು ಕೊಡೋ ರೇಟನ್ನೇ ನಾವೂ ಯಾಕೆ ಕೊಡಬೇಕು?”

ಈ ಪ್ರಶ್ನೆಯನ್ನು ಹಳ್ಳಿಯವರ ಗೊಣಗಾಟವೆಂದು ತಳ್ಳಿಹಾಕುವುದು ಸುಲಭ. ಅದರಲ್ಲಿ ಒಂದು ನ್ಯಾಯದ ಕಲ್ಪನೆ ಇದೆ. ಬೆಳೆದವನಿಗೆ ಬೆಳೆಯಲ್ಲಿ ಮೊದಲ ತುತ್ತು ಸಲ್ಲಬೇಕು ಎಂಬುದು ನಮ್ಮ ಒಕ್ಕಲುತನದ ಹಳೆಯ ಮಾತು. ಕಣದಲ್ಲಿ ರಾಶಿಯಾದಾಗ ಕೈಯಾಡಿಸಿದವರಿಗೆಲ್ಲ ಮೊರದಷ್ಟೋ ಬೊಗಸೆಯಷ್ಟೋ ಕೊಟ್ಟಲ್ಲದೆ ರಾಶಿ ಮನೆಗೆ ಹೋಗುತ್ತಿರಲಿಲ್ಲ. ಗಾಳಿಯ ರಾಶಿಯಲ್ಲಿ ಊರಿಗೆ ಬೊಗಸೆ ಬೇಡವೆ ಎಂದು ಅವರು ಕೇಳುತ್ತಿದ್ದಾರೆ.

ಆದರೆ ವಿದ್ಯುತ್ತು ರಾಗಿಯ ರಾಶಿಯಂಥದಲ್ಲ. ಅದನ್ನು ಹಗೇವಿನಲ್ಲಿ ತುಂಬಿಡಲು ಬಾರದು; ಹುಟ್ಟಿದ ಗಳಿಗೆಯಲ್ಲಿಯೇ ಬಹುಮಟ್ಟಿಗೆ ಖರ್ಚಾಗಬೇಕು. ಗುಡ್ಡದ ಮೇಲಿನ ಯಂತ್ರ ಕೊಟ್ಟ ಶಕ್ತಿಯೂ ಜೋಗದ ನೀರು ಕೊಟ್ಟ ಶಕ್ತಿಯೂ ರಾಯಚೂರಿನ ಕಲ್ಲಿದ್ದಲು ಕೊಟ್ಟ ಶಕ್ತಿಯೂ ಒಂದೇ ಜಾಲಕ್ಕೆ ಬಂದು ಸೇರುತ್ತವೆ. ಸೇರಿದ ಮೇಲೆ ಇದು ದುರ್ಗದ್ದು, ಇದು ರಾಯಚೂರಿನದು ಎಂದು ಬೇರ್ಪಡಿಸಲಾಗದು. ಹಲವು ಹಳ್ಳಗಳು ತುಂಬಿದ ಕೆರೆಯಲ್ಲಿ ಯಾವ ಬಿಂದಿಗೆ ಯಾವ ಹಳ್ಳದ್ದೆಂದು ಯಾರು ಹೇಳಬಲ್ಲರು? ಅದೂ ಅಲ್ಲದೆ ದುರ್ಗದ ಗಾಳಿ ಜೋರಾಗಿ ಬೀಸುವುದು ಮುಂಗಾರಿನ ತಿಂಗಳುಗಳಲ್ಲಿ, ಆಷಾಢ ಶ್ರಾವಣದಲ್ಲಿ. ಅಡಿಕೆ ತೋಟಕ್ಕೆ ನೀರು ಬೇಕೇಬೇಕೆನಿಸುವುದು ಫಾಲ್ಗುಣ ಚೈತ್ರದ ಬಿಸಿಲಿನಲ್ಲಿ. ಆಗ ದುರ್ಗದ ಮೋಟಾರನ್ನು ತಿರುಗಿಸುವುದು ದುರ್ಗದ ಗಾಳಿಯೊಂದೇ ಅಲ್ಲ. ಶರಾವತಿಯ ನೀರು, ಪಾವಗಡದ ಬಿಸಿಲು, ೧೯೮೫ರಿಂದ ಹೊಗೆಯುಗುಳುತ್ತಿರುವ ರಾಯಚೂರು ಶಾಖೋತ್ಪನ್ನ ಕೇಂದ್ರದ ಬೆಂಕಿ. ಆ ಕೇಂದ್ರದ ಸುತ್ತಿನ ಹಳ್ಳಿಯವರು ಬೂದಿಯನ್ನು ಉಸಿರಾಡಿಕೊಂಡಿದ್ದಾರೆ. ಹೀಗೆ ಒಂದು ಋತುವಿನಲ್ಲಿ ಕೊಟ್ಟವನು ಇನ್ನೊಂದು ಋತುವಿನಲ್ಲಿ ಪಡೆದವನೇ ಆಗಿರುತ್ತಾನೆ.

ದರದ ಲೆಕ್ಕವನ್ನೂ ನೋಡೋಣ. ಕರ್ನಾಟಕದಲ್ಲಿ ೧೯೯೯ರ ಸುಧಾರಣೆಯ ನಂತರ ವಿದ್ಯುತ್ತಿನ ದರವನ್ನು ನಿಗದಿ ಮಾಡುವುದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ೨೦೦೨ರಲ್ಲಿ ಹುಟ್ಟಿದ ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿಯ ಎಂಟು ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. ಆದ್ದರಿಂದ ಹೊರಕೆರೆದೇವಪುರದ ಮನೆಯೂ ಬೆಂಗಳೂರಿನ ಜಯನಗರದ ಮನೆಯೂ ಒಂದೇ ಕಂಪನಿಯ ಗಿರಾಕಿಗಳು. ಗ್ರಾಮ ಪಂಚಾಯಿತಿಯ ಪ್ರದೇಶದವರಿಗೆ ಬಹುಕಾಲ ದರದಲ್ಲಿ ಸ್ವಲ್ಪ ರಿಯಾಯಿತಿ ಇದ್ದಿತು. ಅದು ಹಳ್ಳಿಯೆಂಬ ಕಾರಣಕ್ಕೆ ಕೊಟ್ಟದ್ದೇ ಹೊರತು ಗಾಳಿ ಕೊಟ್ಟ ಊರೆಂಬ ಕಾರಣಕ್ಕಲ್ಲ. ನಿಜವಾಗಿ ತಂತಿ, ಕಂಬ, ಟಿ.ಸಿ.ಗಳ ಖರ್ಚನ್ನು ಮನೆಮನೆಗೆ ಹಂಚಿ ಲೆಕ್ಕ ಹಾಕಿದರೆ ಹಳ್ಳಿಯವನ ದರವೇ ಹೆಚ್ಚಾಗಬೇಕಾದೀತು. ನಗರದ ಒಂದು ಕಂಬದಿಂದ ಇಪ್ಪತ್ತು ಮನೆಗೆ ತಂತಿ ಎಳೆಯಬಹುದು. ತೋಟದ ಒಂಟಿ ಮನೆಗೆ ಹತ್ತು ಕಂಬ ಬೇಕು. ಎಲ್ಲರಿಗೂ ಒಂದೇ ದರವೆಂಬ ನಿಯಮ ಈ ಒಂಟಿ ಮನೆಯನ್ನು ಹೊತ್ತುಕೊಂಡು ಹೋಗುತ್ತಿದೆ. ಹುಟ್ಟಿದ ಊರಿನವರಿಗೆ ಅಗ್ಗ, ದೂರದವರಿಗೆ ತುಟ್ಟಿ ಎಂದು ಮಾಡಿಬಿಟ್ಟರೆ ಗಾಳಿಯೂ ನೀರೂ ಗಣಿಯೂ ಇಲ್ಲದ ಸೀಮೆಯ ಬಡವ ಕತ್ತಲಲ್ಲಿ ಉಳಿದಾನು. ಆದ್ದರಿಂದ ಒಂದೇ ದರ ಒಂದು ಬಗೆಯ ಧರ್ಮವೇ ಸರಿ.

ಇಲ್ಲಿಗೆ ವಿಚಾರ ಮುಗಿಯಿತೆಂದು ಹೇಳಬಹುದಾಗಿದ್ದಿತು. ಮುಗಿಯುವುದಿಲ್ಲ, ಏಕೆಂದರೆ ದರ ಸಮವಾದ ಮಾತ್ರಕ್ಕೆ ಹೊರೆ ಸಮವಾಗುವುದಿಲ್ಲ. ನಮ್ಮ ನಾಡಿನ ವಿದ್ಯುತ್ತಿನ ಚರಿತ್ರೆಯೇ ಇದಕ್ಕೆ ಸಾಕ್ಷಿ.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡು, ಅವರು ತೀರಿಕೊಂಡ ಮರುವರ್ಷ, ೧೯೦೨ರಲ್ಲಿ, ಶಿವನಸಮುದ್ರದ ವಿದ್ಯುತ್ತು ಹರಿಯತೊಡಗಿತು. ಹರಿದದ್ದು ಎಲ್ಲಿಗೆ? ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ. ಆ ಕಾಲಕ್ಕೆ ಅಷ್ಟು ಉದ್ದದ ತಂತಿ ಎಳೆದದ್ದು ದೊಡ್ಡ ಸಾಹಸ. ಅದರ ಬಗ್ಗೆ ಹೆಮ್ಮೆಪಡುವುದು ಯೋಗ್ಯವೇ. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದಿತು. ತಂತಿ ಹಾದುಹೋದ ದಾರಿಯ ಹಳ್ಳಿಗಳ ಮನೆಗಳಲ್ಲಿ ಮಾತ್ರ ಬಹುಕಾಲ ಎಣ್ಣೆಯ ಬುಡ್ಡಿಯೇ ಉರಿಯಿತು. ಗಣಿ ಹಣ ಕೊಡಬಲ್ಲದಾಗಿತ್ತು, ಹಳ್ಳಿ ಕೊಡಲಾರದಾಗಿತ್ತು. ತಲೆಯ ಮೇಲೆ ಹಾದುಹೋಗುವ ಬೆಳಕು ಅಂಗಳಕ್ಕೆ ಇಳಿಯಬೇಕಾದರೆ ದುಡ್ಡಿನ ಮೆಟ್ಟಿಲು ಬೇಕು ಎಂಬ ಪಾಠವನ್ನು ನಾವು ಮೊದಲ ದಿನವೇ ಕಲಿತೆವು.

ಶರಾವತಿಯ ಕತೆ ಇನ್ನೂ ಆಳವಾದದ್ದು. ೧೯೪೮ರಲ್ಲಿ ಜೋಗದಲ್ಲಿ ವಿದ್ಯುದಾಗಾರ ಆರಂಭವಾಯಿತು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯಿತು. ಶರಾವತಿ ಕೇಂದ್ರದ ಹತ್ತು ಯಂತ್ರಗಳು ಸೇರಿ ೧೦೩೫ ಮೆಗಾವ್ಯಾಟ್ ಶಕ್ತಿಯನ್ನು ಕೊಡಬಲ್ಲವು. ಬೆಂಗಳೂರಿನ ಕಾರ್ಖಾನೆಗಳು ಬೆಳೆದದ್ದು, ನಮ್ಮಂಥ ಮಧ್ಯಮವರ್ಗದವರಿಗೆ ಅವುಗಳಲ್ಲಿ ಉದ್ಯೋಗ ಸಿಕ್ಕಿದ್ದು, ಇದರಲ್ಲಿ ಆ ನೀರಿನ ಪಾಲು ಸಣ್ಣದಲ್ಲ. ಆ ನೀರು ನಿಂತ ಜಾಗದಲ್ಲಿ ಹಳ್ಳಿಗಳಿದ್ದುವು, ಗದ್ದೆಗಳಿದ್ದುವು. ಮುಳುಗಡೆಯಾದವರಲ್ಲಿ ಎಷ್ಟೋ ಕುಟುಂಬಗಳು ತಮಗೆ ತೋರಿಸಿದ ನೆಲದ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಕಚೇರಿಯ ಮೆಟ್ಟಿಲು ಹತ್ತಿದರು. ಹಿನ್ನೀರಿನ ಆಚೆಗೆ ಉಳಿದವರು ಸಾಗರದ ಆಸ್ಪತ್ರೆಗೆ ಬರಬೇಕಾದರೂ ಲಾಂಚಿಗಾಗಿ ದಡದಲ್ಲಿ ಕಾಯಬೇಕಾಗಿತ್ತು. ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ ಸೇತುವೆ ತೆರೆದದ್ದು ೨೦೨೫ರ ಜುಲೈಯಲ್ಲಿ. ಅಣೆಕಟ್ಟು ಮುಗಿದು ಅರುವತ್ತೊಂದು ವರ್ಷಗಳಾದ ಮೇಲೆ! ಈ ಅರುವತ್ತೊಂದು ವರ್ಷಗಳ ಕಾಯುವಿಕೆ ಯಾರ ಮನೆಯ ವಿದ್ಯುತ್ ಚೀಟಿಯಲ್ಲಿಯೂ ಅಚ್ಚಾಗಲಿಲ್ಲ. ಯುನಿಟ್ಟಿಗೆ ಇಷ್ಟು ಪೈಸೆ ಎಂಬ ಲೆಕ್ಕದಲ್ಲಿ ಯಂತ್ರದ ಸವಕಳಿ ಬರುತ್ತದೆ, ಸಾಲದ ಬಡ್ಡಿ ಬರುತ್ತದೆ, ನೌಕರರ ಸಂಬಳ ಬರುತ್ತದೆ. ದಡದಲ್ಲಿ ಕಾದ ಹೊತ್ತು ಬರುವುದಿಲ್ಲ.

ಪಾವಗಡದಲ್ಲಿ ಈ ಅನುಭವದಿಂದ ನಾವು ಕೊಂಚ ಕಲಿತಂತಿದೆ. ಅಲ್ಲಿ ಸುಮಾರು ೧೩,೦೦೦ ಎಕರೆಯಲ್ಲಿ ೨೦೫೦ ಮೆಗಾವ್ಯಾಟಿನ ಸೌರ ವಿದ್ಯುತ್ ಕೇಂದ್ರ ಹರಡಿದೆ. ರೈತರ ನೆಲವನ್ನು ಕಿತ್ತುಕೊಳ್ಳದೆ, ಕೊಂಡುಕೊಳ್ಳಲೂ ಹೋಗದೆ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಿಂದ ಆರಂಭಿಸಿ, ಎರಡು ವರ್ಷಕ್ಕೊಮ್ಮೆ ಸ್ವಲ್ಪ ಏರಿಸುವ ಒಪ್ಪಂದ. ನೆಲ ರೈತನ ಹೆಸರಿನಲ್ಲಿಯೇ ಉಳಿಯಿತು. ಮಳೆ ಕಾಣದ ಹೊಲಕ್ಕೆ ಇದು ಕೆಟ್ಟ ಬೆಲೆಯಲ್ಲ. ಆದರೆ ಅದೇ ಹೊಲದಲ್ಲಿ ಕಳೆ ಕಿತ್ತು ಕೂಲಿ ಪಡೆಯುತ್ತಿದ್ದವರಿಗೆ ಗುತ್ತಿಗೆಯಲ್ಲಿ ಪಾಲಿಲ್ಲ, ಏಕೆಂದರೆ ಅವರಿಗೆ ನೆಲವಿಲ್ಲ. ಹಳೆಯ ಕಣದಲ್ಲಿ ಕೂಲಿಯವಳಿಗೂ ಒಂದು ಮೊರ ಸಿಕ್ಕುತ್ತಿದ್ದಿತು. ಹೊಸ ಕಣದಲ್ಲಿ ಪಹಣಿ ಇದ್ದವನಿಗಷ್ಟೇ ಪಾಲು.

ಈಗ ಸೊನ್ನೆಯ ಚೀಟಿಗೆ ಬರೋಣ. ೨೦೨೩ರ ಜುಲೈಯಿಂದ ಗೃಹಜ್ಯೋತಿ ಯೋಜನೆ ಜಾರಿಗೆ ಬಂದಿತು. ತಿಂಗಳಿಗೆ ೨೦೦ ಯುನಿಟ್ಟಿನ ಮಿತಿಯೊಳಗೆ ಮನೆಬಳಕೆಯ ವಿದ್ಯುತ್ತಿಗೆ ಹಣವಿಲ್ಲ; ಮನೆಯವರು ಕಟ್ಟದ ಹಣವನ್ನು ಸರ್ಕಾರ ತುಂಬಿಕೊಡುತ್ತದೆ. ಬಡವರ ಮನೆಯ ದೀಪ ಹಣವಿಲ್ಲದೆ ಆರಬಾರದು ಎಂಬುದು ಒಳ್ಳೆಯ ಸಂಕಲ್ಪ. ಅದನ್ನು ಲೇವಡಿ ಮಾಡುವವರೊಡನೆ ನಾನು ಸೇರಲಾರೆ. ಆದರೆ ಆ ಪುಕ್ಕಟೆಯನ್ನು ಅಳೆದ ಸೇರು ಯಾವುದೆಂಬುದನ್ನು ಗಮನಿಸಬೇಕು. ೨೦೨೨–೨೩ರಲ್ಲಿ ಯಾವ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ನೂರಕ್ಕೆ ಹತ್ತು ಸೇರಿಸಿ ಆ ಮನೆಯ ಪಾಲೆಂದು ಗೊತ್ತುಮಾಡಿದರು. ಎರಡು ದೀಪ, ಒಂದು ಫ್ಯಾನು, ಒಂದು ಟೆಲಿವಿಷನ್ನು ಇಟ್ಟುಕೊಂಡು ೩೦ ಯುನಿಟ್ಟಿನಲ್ಲಿ ಬದುಕಿದವಳಿಗೆ ೩೩ ಯುನಿಟ್ಟು ಪುಕ್ಕಟೆ. ಬಿಸಿನೀರಿನ ಗೀಸರು, ಬಟ್ಟೆಯ ಯಂತ್ರ, ಫ್ರಿಜ್ಜು ಇಟ್ಟುಕೊಂಡು ೧೭೦ ಯುನಿಟ್ಟು ಬಳಸಿದವರಿಗೆ ೧೮೭ ಯುನಿಟ್ಟು ಪುಕ್ಕಟೆ. ೨೦೨೪ರ ಜನವರಿಯಲ್ಲಿ ಸರ್ಕಾರ ಇದನ್ನು ಕೊಂಚ ತಿದ್ದಿ, ೪೮ ಯುನಿಟ್ಟಿಗಿಂತ ಕಡಿಮೆ ಬಳಸುವವರಿಗೆ ನೂರಕ್ಕೆ ಹತ್ತರ ಬದಲು ನೇರವಾಗಿ ೧೦ ಯುನಿಟ್ಟು ಹೆಚ್ಚಿಗೆ ಕೊಟ್ಟಿತು. ಮೂವತ್ತರವಳಿಗೆ ಆಗ ನಲವತ್ತಾಯಿತು. ತಿದ್ದುಪಡಿ ಒಳ್ಳೆಯದೇ, ಆದರೆ ಸೇರು ಬದಲಾಗಲಿಲ್ಲ. ಅಗತ್ಯವನ್ನು ಅಳೆಯಬೇಕಾದ ಕಡೆ ನಾವು ಅಭ್ಯಾಸವನ್ನು ಅಳೆದೆವು. ಮಿತವಾಗಿ ಬದುಕಿದವಳಿಗೆ ಮಿತವಾಗಿಯೇ ಕೊಟ್ಟೆವು. ಧಾರಾಳವಾಗಿ ಬಳಸಿದವರಿಗೆ ಧಾರಾಳವಾಗಿ ಕೊಟ್ಟೆವು. ಇತ್ತ ಹಣ ಕಟ್ಟುವವರ ದರದಲ್ಲಿಯೂ, ಹೆಚ್ಚು ಬಳಸಿದರೆ ಹೆಚ್ಚು ಬೆಲೆ ಎಂದು ಮೊದಲಿದ್ದ ಮೆಟ್ಟಿಲುಗಳನ್ನು ಕಿತ್ತು, ೨೦೨೪ರ ಆದೇಶದಲ್ಲಿ ಎಲ್ಲ ಯುನಿಟ್ಟಿಗೂ ೫ ರೂಪಾಯಿ ೯೦ ಪೈಸೆ ಎಂದು ಸಮ ಮಾಡಿದರು. ಮಿತವ್ಯಯವನ್ನು ಗುಣವೆಂದು ಮಕ್ಕಳಿಗೆ ಪಾಠ ಹೇಳುವ ನಮಗೆ ಇದರಲ್ಲಿ ಯೋಚಿಸಬೇಕಾದದ್ದು ಇದೆ.

ನಗರದ ನಮ್ಮ ಗೆಳೆಯರಲ್ಲಿ ಒಂದು ಮಾತು ಪ್ರಚಾರದಲ್ಲಿದೆ: “ಹಳ್ಳಿಯವರಿಗೆ ಮನೆಗೂ ಪುಕ್ಕಟೆ, ಪಂಪ್‌ಸೆಟ್ಟಿಗೂ ಪುಕ್ಕಟೆ, ಅವರ ಹೊರೆಯನ್ನು ಹೊರುವವರು ನಾವು.” ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ೨೦೦೮ರಿಂದ ಹಣವಿಲ್ಲವೆಂಬುದು ನಿಜ. ಆದರೆ ಆ ಪುಕ್ಕಟೆಯ ಬೆಲೆಯನ್ನು ರೈತ ಬೇರೊಂದು ನಾಣ್ಯದಲ್ಲಿ ಕೊಡುತ್ತಾನೆ. ಪಂಪ್‌ಸೆಟ್ಟಿಗೆ ಬೇಕಾದ ಮೂರು ಫೇಸಿನ ಕರೆಂಟು ದಿನಕ್ಕೆ ಏಳು ಗಂಟೆ ಎಂಬುದು ನಿಯಮ. ೨೦೨೩ರ ಬರದಲ್ಲಿ ಅದು ಕೆಲವು ವಾರಗಳ ಕಾಲ ಐದಕ್ಕೆ ಇಳಿದದ್ದೂ ಉಂಟು. ಆ ಏಳು ಗಂಟೆಯಲ್ಲಿ ಒಂದಷ್ಟು ಪಾಲು ಅನೇಕ ಕಡೆ ರಾತ್ರಿಯೇ ಬರುತ್ತದೆ. ಹಗಲು ನಗರಕ್ಕೂ ಕಾರ್ಖಾನೆಗೂ ಶಕ್ತಿ ಬೇಕು. ರಾತ್ರಿ ಅವರ ಬೇಡಿಕೆ ತಗ್ಗಿದಾಗ ರೈತನ ಸರದಿ. ಹೊರಕೆರೆದೇವಪುರದ ಕಡೆಯ ಅದೇ ಹಿರಿಯರನ್ನು, ಈಗ ದರದ ಚಿಂತೆ ತೀರಿತಲ್ಲವೆ ಎಂದು ಈಚೆಗೆ ಕೇಳಿದೆ. “ಬಿಲ್ಲೂ ಬರೋದಿಲ್ಲ, ನಿದ್ದೆನೂ ಬರೋದಿಲ್ಲ ಮೇಷ್ಟ್ರೇ” ಎಂದು ನಕ್ಕರು. ನಡುರಾತ್ರಿ ಟಾರ್ಚು ಹಿಡಿದು ತೋಟಕ್ಕೆ ಹೋಗಿ ಸ್ಟಾರ್ಟರ್ ಒತ್ತಬೇಕು, ಗೇಟುವಾಲ್ವು ತಿರುಗಿಸಬೇಕು, ಹಾವು ಚೇಳಿಗೆ ಅಂಜುತ್ತ ಮಡಿ ಬದಲಾಯಿಸಬೇಕು, ಬೆಳಗ್ಗೆ ಮತ್ತೆ ಕೆಲಸಕ್ಕೆ ನಿಲ್ಲಬೇಕು. ಜೊತೆಗೆ ಅವರ ಮಗ ಹೋದರೆ ಮನೆಯಲ್ಲಿ ಸೊಸೆ ಎದ್ದು ಕೂತು ಕಾಯುತ್ತಾಳೆ. ನಾವು ನಿದ್ರೆ ಮಾಡುವ ಹೊತ್ತಿನಲ್ಲಿ ಎಚ್ಚರವಿದ್ದು ಅವರು ಕೊಡುವ ಬೆಲೆ ಇದು. ನಗರದವರಾದ ನಾವು ಹಗಲನ್ನು ಇಟ್ಟುಕೊಂಡು ಅವರಿಗೆ ರಾತ್ರಿಯನ್ನು ಕೊಟ್ಟಿದ್ದೇವೆ.

ಅವರ ಮೊದಲಿನ ಪ್ರಶ್ನೆಗೆ ಉತ್ತರ ಇಲ್ಲಿದೆಯೆಂದು ನನಗೆ ತೋರುತ್ತದೆ. ಗಾಳಿ ಬೀಸಿದ ಊರಿಗೆ ಸಲ್ಲಬೇಕಾದದ್ದು ಅಗ್ಗದ ದರವಲ್ಲ, ಅವರಿಗೆ ಸಲ್ಲಬೇಕಾದದ್ದು ಹೊತ್ತು. ಹಗಲಿನ ಕರೆಂಟು, ಹೇಳಿದ ವೇಳೆಗೆ ಬರುವ ಕರೆಂಟು, ಸುಟ್ಟ ಟಿ.ಸಿ. ವಾರಗಟ್ಟಲೆ ಕಾಯಿಸದೆ ಬದಲಾಗುವ ವ್ಯವಸ್ಥೆ. ಇದು ಆಗದ ಮಾತೂ ಅಲ್ಲ. ಬಿಸಿಲು ಹಗಲಿನದೇ. ಹಳ್ಳಿಯ ಉಪಕೇಂದ್ರಗಳ ಬಳಿಯೇ ಸೌರ ಘಟಕಗಳನ್ನಿಟ್ಟು ಪಂಪ್‌ಸೆಟ್ಟಿನ ಮಾರ್ಗಗಳಿಗೆ ಹಗಲಿನಲ್ಲಿ ಶಕ್ತಿ ಕೊಡುವ ಕುಸುಮ್ ಯೋಜನೆ ರಾಜ್ಯದಲ್ಲಿ ಆರಂಭವಾಗಿದೆ. ಅದನ್ನು ಬೇಗ ಮುಗಿಸಬೇಕೆಂದು ಒತ್ತಾಯ ಮಾಡಬೇಕಾದವರು ರೈತರಷ್ಟೇ ಅಲ್ಲ. ಹಗಲನ್ನು ಅನುಭವಿಸುತ್ತಿರುವ ನಾವೂ.

ಕನ್ನಡದಲ್ಲಿ ಹಂಗು ಎಂಬ ಮಾತೂ ಋಣ ಎಂಬ ಮಾತೂ ಇವೆ. ಎರಡೂ ಒಂದೇ ಅಲ್ಲ. ಕೊಟ್ಟವನು ಮೇಲೆ, ಪಡೆದವನು ಕೆಳಗೆ ಎಂಬ ಭಾವ ಹಂಗಿನಲ್ಲಿದೆ. ಅದಕ್ಕೇ ನಮ್ಮ ಜನ ‘ಯಾರ ಹಂಗೂ ಬೇಡ’ ಎನ್ನುತ್ತಾರೆ. ಋಣ ಬೇಡವೆಂದು ಯಾರೂ ಹೇಳಲಾರರು. ಅನ್ನದ ಋಣ, ನೀರಿನ ಋಣ, ಮಣ್ಣಿನ ಋಣ ಎಂದು ನಾವು ಹೇಳುವಾಗ ಅಲ್ಲಿ ತಲೆತಗ್ಗಿಸುವ ಮಾತಿಲ್ಲ. ಒಬ್ಬರೊಬ್ಬರನ್ನು ಕಟ್ಟಿರುವ ನೂಲಿನ ಅರಿವಿದೆ. ಪುಕ್ಕಟೆಯ ವಿದ್ಯುತ್ತನ್ನು ಸರ್ಕಾರ ಕೊಟ್ಟ ಭಿಕ್ಷೆಯೆಂದು ಹಳ್ಳಿಯವರ ಮುಂದೆ ಆಡಿ ತೋರಿಸುವವರು ಋಣವನ್ನು ಹಂಗಾಗಿ ಮಾಡುತ್ತಿದ್ದಾರೆ. ಹಣ ಕಟ್ಟಿದ್ದೇನೆ, ಇನ್ನೇನು ಬಾಕಿ ಎನ್ನುವವರು ಋಣವನ್ನು ಬರಿಯ ಬೆಲೆಯಾಗಿ ಮಾಡುತ್ತಿದ್ದಾರೆ. ಹಣದಿಂದ ತೀರುವುದು ಕಂಪನಿಯ ಬಾಕಿ. ಹಿನ್ನೀರಿನ ದಡದವರದು, ಬೂದಿಯ ಊರಿನವರದು, ರಾತ್ರಿಯ ತೋಟದವರದು ತೀರುವುದಿಲ್ಲ.

ಹಾಗೆಂದು ಎಲ್ಲರೂ ದೀಪವಾರಿಸಿ ಕೂರಬೇಕಾಗಿಲ್ಲ. ಬೆಳಕು ಒಳ್ಳೆಯದು, ಅದು ಎಲ್ಲ ಮನೆಗಳಿಗೂ ಬಂದದ್ದು ನಮ್ಮ ಕಾಲದ ಪುಣ್ಯ. ಬೇಕಾದದ್ದು ಇಷ್ಟೆ: ಪುಕ್ಕಟೆ ಕೊಡುವಾಗ ಅಭ್ಯಾಸವನ್ನು ಬಿಟ್ಟು ಅಗತ್ಯವನ್ನು ಅಳೆಯಬೇಕು, ಶಕ್ತಿ ಹುಟ್ಟುವ ಊರಿನಲ್ಲಿ ನೆಲವಿಲ್ಲದವನಿಗೂ ಕಣದ ಬೊಗಸೆ ಸಿಕ್ಕಬೇಕು, ಹಗಲನ್ನು ಹಳ್ಳಿಯೊಡನೆ ಹಂಚಿಕೊಳ್ಳಬೇಕು. ಈ ಮೂರನ್ನು ಆಯೋಗವೂ ಸರ್ಕಾರವೂ ಮಾಡಬಲ್ಲವು. ಆದರೆ ಕೇಳುವವರಿಲ್ಲದೆ ಅವು ಮಾಡುವುದಿಲ್ಲ. ದರ ಆದೇಶಕ್ಕೆ ಮುಂಚೆ ಆಯೋಗ ಪ್ರತಿಸಲವೂ ಸಾರ್ವಜನಿಕರ ಆಕ್ಷೇಪಣೆಗಳನ್ನು ಕೇಳುತ್ತದೆ. ನಮ್ಮ ಯುನಿಟ್ಟಿಗೆ ಹತ್ತು ಪೈಸೆ ಕಡಿಮೆ ಮಾಡಿ ಎಂದು ಬರೆಯುವ ವಿದ್ಯಾವಂತರು ಬೇಕಾದಷ್ಟಿದ್ದಾರೆ. ಹೊರಕೆರೆದೇವಪುರದ ತೋಟಕ್ಕೆ ಹಗಲಿನಲ್ಲಿ ಕರೆಂಟು ಕೊಡಿ ಎಂದು ಬೆಂಗಳೂರಿನಿಂದ ಒಂದು ಅರ್ಜಿ ಹೋದರೆ, ಆ ದಿನ ಋಣದ ಮೊದಲ ಕಂತು ಸಂದಾಯವಾಯಿತೆಂದು ತಿಳಿಯಬಹುದು.